ಹನುಮಪ್ಪನ ಕಟ್ಟಿಗೆ ಹೊಡದ ಗೂಟ

ಮೂರನೇ ದಿನ ಮಧ್ಯಾಹ್ನ ಅತೀಕಣ್ಣ ಪಾತಾಳಗರಡಿ ಮ್ಯಾಲ ಎಳದ. ಕೊಕ್ಕಿಗೆ ಹತ್ತಿದ್ದು ಬರೇ ಕೆಸರು. ಅದಕ್ಕೂ ಮೊದಲ ನಲವತ್ತು ಸಲ ಎಳದಿರಬೇಕು, ನಲವತ್ತು ಸಲಾನೂ ಕೆಸರ. ನಾ ಹೊಳಿ ದಂಡಿ ಮ್ಯಾಲಿನ ಹನುಮಪ್ಪನ ಕಟ್ಟಿಗೆ ಕುಂತು, ತೊಡಿ ಮ್ಯಾಲ ಲ್ಯಾಪ್‌ಟಾಪ್ ಇಟಗೊಂಡು, ಅಲ್ಲಿಂದನ ಒದರಿದೆ.

"ಜರಾ ಎಡಕ್ಕ ಬಿಡು ಅತೀಕಣ್ಣ! ಭಾಂವಿ ಅಲ್ಲೇ ಅದ! ನನ್ನ ಪಟ ಸುಳ್ಳು ಹೇಳಂಗಿಲ್ಲ!"

"ತಂಗೆವ್ವ, ಇಲ್ಲಿ ಭಾಂವಿ ಇಲ್ಲ, ಭಾಂವಿ ಕಲ್ಲೂ ಇಲ್ಲ," ಅಂದ ಅವ ತೆಪ್ಪದಾಗ ನಿಂತು. "ನಾ ಮುಣಗಿ ಕೈಯಾಡಿಸಿ ನೋಡೀನಿ. ನಿನ್ನ ಭಾಂವಿ ಕಂಪ್ಯೂಟರಿನಾಗ ಇರಬೇಕು."

ಬ್ಯಾರೆ ದಿನ ಆಗಿದ್ರ ಅವನ ಮಾತಿಗೆ ತಿರುಗಿ ಎರಡು ಮಾತು ಒಗಿತಿದ್ದೆ. ಅವತ್ತು ಲ್ಯಾಪ್‌ಟಾಪಿನ ಪಟಾನ ಮತ್ತೊಮ್ಮೆ ನೋಡಿದೆ. ನೀರಾಗ ಇದ್ದವ ನನ್ನ ಅಣ್ಣ ಭೀಮೇಶ. ಅತೀಕಣ್ಣ ಅವನ ಜೋಡಿ ಸಣ್ಣಂದಿನಿಂದ ಈಸಿದ ದೋಸ್ತ, ಮೂರು ದಿನದಿಂದ ಊಟ ಬಿಟ್ಟು ಹುಡಕಾಕತ್ತಿದ್ದ. ಅವನ ಮ್ಯಾಲ ಏನಂತ ಸಿಟ್ಟು ಮಾಡ್ಲಿ?

ಮಂಗಳವಾರ ಮುಂಜಾನಿ ಮೀನ ಹಿಡಿಯೋ ಬಲಿ ತಗೊಂಡು ಹೋದ ಭೀಮೇಶ ಹೊಳ್ಳಿ ಮನಿಗೆ ಬರಲಿಲ್ಲ. ಅವನ ತೆಪ್ಪ ಬೋರಲ ಬಿದ್ದು, ಅರ್ಧ ಕಿಲೋಮೀಟರ್ ಕೆಳಗ ಜಾಲಿ ಕಂಟಿಗೆ ಸಿಕ್ಕಿತ್ತು. ಯಾದಗಿರಿಯಿಂದ ಅಗ್ನಿಶಾಮಕದವರು ಬಂದ್ರು, ಎರಡು ದಿನ ದುಡದು ಹೊಳ್ಳಿ ಹೋದ್ರು. ಗುರುವಾರ ಬೆಳಿಗ್ಗೆ ಬ್ಯಾರೇಜಿನವರು ಬಂದು ಕೈ ಮುಗದು ಹೇಳಿದ್ರು: ಮಹಾರಾಷ್ಟ್ರದ ಕಡಿ ಮಳಿ ಜೋರದ, ಮ್ಯಾಲಿಂದ ನೀರು ಬರಾಕತ್ತದ, ನಿಮ್ಮ ಸಲುವಾಗಿ ಇಷ್ಟು ತಡದೀವಿ, ಸಂಜಿ ಆರಕ್ಕ ಗೇಟ್ ಎತ್ತಲೇಬೇಕು. ಗೇಟ್ ಎತ್ತಿದ್ರ ಭೀಮಾ ಹೊಳಿ ಹೆಂಗ ಓಡತದ ಅಂಬೋದು ನಮಗ ಯಾರೂ ಹೇಳಬೇಕಾಗಿಲ್ಲ. ಕೃಷ್ಣೆಗೆ ಸೇರಿ ತೆಲಂಗಾಣಕ್ಕ ಹೋದವನ್ನ ಎಲ್ಲಂತ ಹುಡಕೋದು? ಅವ್ವಗ ಮಗನ ಮಾರಿ ನೋಡಾಕೂ ಸಿಗಂಗಿಲ್ಲ, ಮಣ್ಣು ಕೊಡಾಕೂ ಸಿಗಂಗಿಲ್ಲ. ಆರರೊಳಗ ಅವನ್ನ ತಗಿಬೇಕು. ನನಗ ಬೇಕಾದದ್ದು ಅದೊಂದ.

ಅವ್ವ, ಮಲ್ಲಿಕಮ್ಮ, ಕಟ್ಟಿಯ ಆ ಕಡಿ ಮೂಲ್ಯಾಗ ಕುಂತಿದ್ದಳು. ಮಗ ಸತ್ತಾನ ಅಂತ ಆಕಿ ಒಪ್ಪಿದ್ದಿಲ್ಲ. "ಅವ ಹೊಳ್ಯಾಗ ಹುಟ್ಟಿ ಬೆಳದವ, ಎಲ್ಲೋ ದಂಡಿ ಹತ್ಯಾನ, ಬರತಾನ" ಅಂತ ಮೂರು ದಿನದಿಂದ ಅವನ ಪಾಲಿನ ರೊಟ್ಟಿ ಅರಿವಿಯಾಗ ಕಟ್ಟಿ ಮುಂದ ಇಟಗೊಂಡು ಕುಂಡ್ರತಿದ್ದಳು. ಆ ಗಂಟು ಕಾಣಬಾರದಂತ ನಾ ಆ ಕಡಿ ಬೆನ್ನು ಮಾಡಿ ಕುಂತಿದ್ದೆ.

ಭಾಂವಿ ಯಾಕ ಅಂತ ಹೇಳತೀನಿ. ಬ್ಯಾರೇಜ್ ಕಟ್ಟಿದಾಗ ನಮ್ಮ ಹಳೇ ಬೆನಕಗೇರಾ ನೀರಾಗ ಮುಣಗಿತು, ಊರಿಗೆ ಊರ ದಿನ್ನಿ ಮ್ಯಾಲ ಬಂತು. ಗ್ವಾಡಿ ಎಲ್ಲ ಕರಗಿ ಹೋಗ್ಯಾವ. ಊರ ನಡುವಿನ ದೊಡ್ಡ ಭಾಂವಿ ಮಾತ್ರ ಕಲ್ಲಿಂದು, ತಳದಾಗ ಹಂಗೇ ಬಾಯಿ ತಕ್ಕೊಂಡು ಕುಂತದ. ಅದರ ಕಲ್ಲಿಗೆ ಬಲಿ ಸಿಕ್ಕರ ತೆಪ್ಪ ಮುಗುಚತದ. ಅಷ್ಟು ದೂರದಾಗ ಬಲಿ ಹಿಡಿಯಾಕ ಬ್ಯಾರೆ ಏನೂ ಇಲ್ಲ. ಅದಕ್ಕ ಎಲ್ಲಾರೂ ಅಂದ್ರು, ಭೀಮೇಶ ಭಾಂವಿ ಹತ್ರನ ಇದ್ದಾನ. ಭಾಂವಿ ಎಲ್ಲಿ ಅಂತ ಕೇಳಿದ್ರ ಹಳೇ ಮಂದಿ ಒಬ್ಬೊಬ್ಬರು ಒಂದೊಂದು ಕಡಿ ಕೈ ತೋರಿಸಿದ್ರು. ನೀರ ಮ್ಯಾಲ ಓಣಿ ಇರತದೇನು? "ನನಗ ಗೊತ್ತದ, ಗೇಣಿನಷ್ಟೂ ತಪ್ಪಂಗಿಲ್ಲ" ಅಂತ ಎದಿ ತಟ್ಟಿ ಹೇಳಿದಾಕಿ ನಾನು.

ನನಗ ಗೊತ್ತಾಗಿದ್ದು ಒಂದು ಚಟದಿಂದ. ಶಹಾಪುರ ಬಸ್ ಸ್ಟ್ಯಾಂಡ್ ಹತ್ರ ಆನ್‌ಲೈನ್ ಸೆಂಟರಿನಾಗ ಪಹಣಿ, ಅರ್ಜಿ ತಗದು ಕೊಡೋದು ನನ್ನ ಕೆಲಸ. ಕೆಲಸ ಮುಗದ ಮ್ಯಾಲ ಕಂಪ್ಯೂಟರಿನಾಗ ಇಮಾನ ಹಾರಸತೀನಿ. ಫ್ಲೈಟ್ ಸಿಮ್ಯುಲೇಟರ್ ಅಂತಾರ. ಆ ಆಟದಾಗ ಜಗತ್ತಿನ ದೊಡ್ಡ ದೊಡ್ಡ ಊರೆಲ್ಲ ಮನಿ ಮನಿ ಸುದ್ದಾ ಕಾಣತಾವ. ಯಾದಗಿರಿ ದಾಟಿ ನಮ್ಮ ಕಡಿ ಬಂದ್ರ ಬರೇ ಹಸರು ಬಣ್ಣ ಬಳದಿಟ್ಟಾರ, ಊರಿಲ್ಲ ಕೇರಿಲ್ಲ. ನನಗ ಮೈ ಉರದು ಹೋತು. ನಾವೇನು ಮನಷ್ಯಾರಲ್ಲೇನು? ಅವತ್ತ ಕುಂತೆ, ನಮ್ಮ ಸೀಮಿ ನಾನ ಮಾಡತೀನಿ ಅಂತ.

ಮಾಡೋದು ಹಿಂಗ: ಮ್ಯಾಲಿಂದ ತಗದ ಫೋಟೋನ ನೆಲದ ಏರು-ತಗ್ಗಿನ ಮ್ಯಾಲ ಜಮಖಾನಿ ಹಾಸಿದಂಗ ಹಾಸಬೇಕು. ಹಾಸೋದು ಸಸಾರ, ಸರಿಯಾಗಿ ಕೂಡಸೋದು ಜೀವಾ ತಗಿತದ. ಪಟ ಜರಾ ಸರದ್ರ ರಸ್ತಾ ಹೋಗಿ ಮಾಳಗಿ ಹತ್ತತದ, ಹೊಳಿ ಹೋಗಿ ದಿನ್ನಿ ಹತ್ತತದ. ಮೊದಲನೇ ಸಲ ನಾ ಮಾಡಿದಾಗ ಶಹಾಪುರದ ಮಲಗಿದ ಬುದ್ಧನ ಗುಡ್ಡದಾಗ ಬುದ್ಧನ ಮೂಗು ಗದ್ದಕ್ಕ ಬಂದು ಬಿದ್ದಿತ್ತು, ಸುರಪುರದ ಗುಡ್ಡದ ಮ್ಯಾಲಿನ ಬಂಗ್ಲೆ ಕೆಳಗ ಹೊಲದಾಗ ಕುಂತಿತ್ತು. ಭೀಮೇಶ ಅದನ್ನ ನೋಡಿ ಹೊಟ್ಟಿ ಹಿಡಕೊಂಡು ನಕ್ಕಿದ್ದ.

ಸರಿಬಾರದ ಪಟಕ್ಕ ಗೂಟ ಹೊಡಿಬೇಕು. ಗೂಟ ಅಂದ್ರ ಒಂದು ಗುರುತು: ಹಳೇ ಪಟದಾಗೂ ಕಾಣಬೇಕು, ಇವತ್ತು ನೆಲದ ಮ್ಯಾಲೂ ಇರಬೇಕು. ಅಲ್ಲಿ ಹೋಗಿ ನಿಂತು ಮೊಬೈಲಿನಾಗ ಅಕ್ಷಾಂಶ ರೇಖಾಂಶ ತಗೊಂಡು, ಪಟದ ಆ ಚುಕ್ಕಿನ್ನ ನೆಲದ ಈ ಚುಕ್ಕಿಗೆ ಕಟ್ಟಬೇಕು. ಇದನ್ನ ನನಗ ಕಲಿಸಿದವರು ವಿಶ್ವರಾಧ್ಯ ಸರ್. ಸುರಪುರದಾಗ ನಾ ಡಿಪ್ಲೊಮಾ ಓದುವಾಗ ಸರ್ವೇ ಹೇಳತಿದ್ರು, ಈಗ ರಿಟೈರ್ ಆಗ್ಯಾರ. ಮುಳುಗಡಿ ಸರ್ವೇಕ್ಕಂತ ಇಮಾನದಿಂದ ತಗದ ಹಳೇ ಬೆನಕಗೇರಾದ ಪಟ ಕೊಟ್ಟವರೂ ಅವರ. ಆ ಪಟದಿಂದ ಸಿಮ್ಯುಲೇಟರಿನಾಗ ನಾ ನಮ್ಮ ಮುಣಗಿದ ಊರನ್ನ ಹೊಳ್ಳಿ ಎಬ್ಬಿಸಿದೆ.

ಅದಕ್ಕ ನಾಕು ಗೂಟ ಸಿಕ್ಕಿದ್ವು: ಹೊಳಿ ಆ ಕಡಿಯ ಹಳೇ ಸೇತುವಿ, ನೀರಿನ ಟ್ಯಾಂಕಿ, ಗುಡ್ಡದ ಮ್ಯಾಲಿನ ಒಂಟಿ ಬಂಡಿಗಲ್ಲು, ಮತ್ತ ಈ ಹನುಮಪ್ಪನ ಕಟ್ಟಿ. ಮೊದಲಿನ ಮೂರು ಒಂದಕ್ಕೊಂದು ಚಂದ ಕೂಡಿದ್ವು. ಹನುಮಪ್ಪ ಒಬ್ಬ ಕೂಡವಲ್ಲ. ಎಪ್ಪತ್ತು ಮೀಟರ್ ತಪ್ಪದ ಅಂತ ಯಂತ್ರ ಕೆಂಪಗ ತೋರಸತಿತ್ತು. ನಾ ಏನು ಮಾಡಬೇಕು? ಊರಾಗ ಬಂದು ಹಿರಿಯರನ್ನ ಕೇಳಿದೆ, ಈ ಕಟ್ಟಿ ಮೊದಲಿಂದಾನೂ ಇಲ್ಲೇ ಅದ ಏನ್ರಿ ಅಂತ. ಅವ್ವನ್ನೂ ಕೇಳಿದೆ. ಎಲ್ಲಾರದೂ ಒಂದ ಮಾತು: "ಹನುಮಪ್ಪ ಎಲ್ಲಿ ಹೋಗತಾನ? ಅವ ಇದ್ದಲ್ಲೇ ಇದ್ದಾನ. ಹೊಳೀನ ಅವನ ಪಾದಕ್ಕ ಬಂದದ." ಊರು ಎದ್ದು ಬರುವಾಗ ನಾ ಸುರಪುರದ ಹಾಸ್ಟೆಲಿನಾಗ ಇದ್ದೆ, ನನಗೇನು ಗೊತ್ತು? ಸೇತುವಿ ತಪ್ಪಿರಬೌದು, ಟ್ಯಾಂಕಿ ತಪ್ಪಿರಬೌದು, ಹನುಮಪ್ಪ ತಪ್ಪತಾನೇನು? ಉಳಿದ ಮೂರು ಗೂಟ ಸಡಿಲ ಮಾಡಿ ಪಟಾನ ಹನುಮಪ್ಪನಿಗೆ ಬಿಗದೆ.

ಎರಡು ತಿಂಗಳ ಹಿಂದ ಭೀಮೇಶ ಶಹಾಪುರಕ್ಕ ಬಂದಾಗ ಆ ಊರಿನ ಮ್ಯಾಲ ಇಮಾನ ಹಾರಿಸಿದ. ಇಮಾನ ಅಂದ್ರ ಎಮ್ಮಿ ಹೊಡದಂಗ ಹೊಡಿತಿದ್ದ ಮಂಗ್ಯಾ, ಅವತ್ತು ಮೆಲ್ಲಕ ಇಳಿಸಿಕೊಂಡು ಬಂದ. ನಮ್ಮ ಓಣಿ, ನಮ್ಮ ಮಾಳಗಿ, ಅಪ್ಪ ಬಲಿ ಒಣಗಿಸತಿದ್ದ ಜಾಗಾ. ಆಮ್ಯಾಲ ತಲಿ ಕೆರಕೊಂಡು, ಹೊಳಿ ನಡುವಕ್ಕ ಬೆರಳು ಮಾಡಿ ಅಂದ, "ರಾಧೀ, ಊರು ಜರಾ ದಂಡಿ ಕಡಿ ಸರದಂಗ ಅದಲ್ಲೇ? ಭಾಂವಿ ಇನ್ನ ಒಳಗ ಇರಬೇಕು ಅನಸತದ."

"ನೀ ಮೀನ ಹಿಡಿಯೋದು ನೋಡ್ಕೋ," ಅಂದೆ ನಾ. "ಉಪಗ್ರಹದಿಂದ ಅಳತಿ ತಗೊಂಡು ಕೂಡಸೀನಿ. ನಿನ್ನ ಕಣ್ಣಳತಿ ಇಲ್ಲಿ ನಡಿಯಂಗಿಲ್ಲ."

"ಆತು ತಗೋ ಮಾರಾಯ್ತಿ. ನೀ ಕಲತಾಕಿ, ನೀ ಅಂದದ್ದ ಸೈ," ಅಂದು ನಕ್ಕ. "ಹಂಗಾದ್ರ ಆ ಭಾಂವಿದೊಂದು ಚುಕ್ಕಿ ನನ್ನ ಮೊಬೈಲಿಗೆ ಹಾಕು. ಬಲಿ ಸಿಗಬಾರದು, ಅದರಿಂದ ದೂರ ಇರತೀನಿ."

ಕೆಂಪು ಚುಕ್ಕಿ ಹಾಕಿ ಕೊಟ್ಟೆ. ಅವಗ ಭಾಳ ಖುಷಿ ಆಗಿತ್ತು. ನನ್ನ ಲಗ್ನ ಆಗೋತನಕ ತಾನೂ ಲಗ್ನ ಬ್ಯಾಡ ಅಂತ ಕುಂತ ಹುಚ್ಚಪ್ಪ ಅವ. "ನಮ್ಮ ತಂಗಿ ಹೊಳಿ ತಳ ನೋಡ್ಯಾಳ" ಅಂತ ಊರಿಗೆಲ್ಲ ಹೇಳಿಕೊಂಡು ತಿರಗಿದ.

ಅದಕ್ಕ ಮೂರು ದಿನದಿಂದ ನಾ ಅಳಾಕತ್ತಿದ್ದಿಲ್ಲ, ಅವನ್ನ ಬೈಯಾಕತ್ತಿದ್ದೆ. ದೂರ ಇರತೀನಿ ಅಂತ ಚುಕ್ಕಿ ಇಸಗೊಂಡೆಲ್ಲೋ, ಮತ್ಯಾಕ ಅದರ ಹತ್ರ ಹೋದಿ? ಮೊಬೈಲ್ ನೋಡಾಕ ಕಣ್ಣು ಇದ್ದಿಲ್ಲೇನು? ನನ್ನ ಮಾತು ಒಂದರೆ ದಿನ ಕೇಳಿದ್ದ್ಯಾ? ಹಿಂಗ ಒಳಗೊಳಗ ಬೈಕೋತನ ಇದ್ದೆ. ಬೈದ್ರ ಅವ ಎದ್ದು ಬಂದು ತಿರುಗಿ ಬೈತಾನ ಅಂಬೋ ಹಂಗ.

ಮೂರೂವರಿ ಆತು. ಅತೀಕಣ್ಣ ದಂಡಿಗೆ ಬಂದು ಹಗ್ಗ ಕೆಳಗ ಒಗದು ನೆಲಕ್ಕ ಕುಂತ. ಅವನ ಎರಡೂ ಅಂಗೈ ಸುಲದು ಹೋಗಿದ್ವು. "ತಂಗೆವ್ವ, ಬ್ಯಾರೆ ಕಡಿ ಹೇಳು. ಎಲ್ಲಿ ಹೇಳತಿ ಅಲ್ಲಿ ಮುಣಗತೀನಿ. ಇಲ್ಲಿ ಮಾತ್ರ ಅವ ಇಲ್ಲ," ಅಂದು ಅಳಾಕ ಶುರು ಮಾಡಿದ. ಆವಾಗ ನನಗ ಮೊದಲನೇ ಸಲ ಅಂಜಿಕಿ ಹತ್ತಿತು. ಗಂಡಸು ಹಂಗ ಅತ್ತದ್ದು ನೋಡಿ ಅಲ್ಲ. ನನ್ನ ಪಟ ಗಲತ್ ಇದ್ದಿರಬೌದಾ ಅಂತ.

ವಿಶ್ವರಾಧ್ಯ ಸರ್‌ಗೆ ಫೋನ್ ಹಚ್ಚಿದೆ. ಎಲ್ಲ ಹೇಳಿದೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಗೂಟ ಎಷ್ಟು?"

"ನಾಕು ಸರ್."

"ಅದರಾಗ ಜಗಳ ತಗದದ್ದು ಯಾವದು?"

"ಹನುಮಪ್ಪನ ಕಟ್ಟಿ ಸರ್."

"ಮತ್ತ ಕೂಡಿದ ಮೂರನ್ನ ಬಿಟ್ಟು ಕೂಡದ್ದನ್ನ ಹಿಡದಿ?"

"ದೇವರ ಕಟ್ಟಿ ಸರ್. ಸರದಿಲ್ಲ ಅಂತ ಊರಿಗೆ ಊರ ಹೇಳೇದ."

"ನೋಡವ್ವ ರಾಧಿಕಾ, ಮೂವತ್ತು ವರ್ಷ ಸರ್ವೇ ಸರಪಳಿ ಎಳದೀನಿ ನಾ. ಮುಳುಗಡಿ ಊರಾಗ ಮಂದಿ ಮೊದಲ ಎತ್ತೋದು ದೇವರನ್ನ. ಹೋಗಿ ನಿಮ್ಮವ್ವನ್ನ ಕೇಳು. ಮೆಲ್ಲಕ ಕೇಳು."

ಮೆಲ್ಲಕ ಕೇಳೋ ಜಾತಿ ಅಲ್ಲ ನಂದು. ಅವ್ವನ ಮುಂದ ಹೋಗಿ ಕುಂತು ನೇರ ಕೇಳಿದೆ, "ಅವ್ವಾ, ಹನುಮಪ್ಪನ್ನ ಸರಿಸೀರೇನು?"

"ಹನುಮಪ್ಪ ಎಲ್ಲಿ ಹೋಗತಾನ? ಅವ ಇದ್ದಲ್ಲೇ..."

"ಆ ಮಾತು ಬಿಡು! ಖರೆ ಹೇಳು!"

ಆಕಿ ಸೆರಗು ತಗೊಂಡು ಬಾಯಿಗೆ ಒತ್ತಿ ಹಿಡಕೊಂಡಳು. ಸೆರಗಿನ ಮ್ಯಾಲ ಆಕಿ ಕಣ್ಣು ನೋಡಿದೆ. ಹೆಗಲ ಹಿಡದು ಅಲಗಾಡಿಸಿದೆ. "ಯವ್ವಾ, ನಾ ಪಟ ಈ ಕಟ್ಟಿಗೆ ಕಟ್ಟೀನಿ. ಕಟ್ಟಿ ಸರದಿದ್ರ ಭಾಂವಿನೂ ಸರದದ. ಮೂರು ದಿನದಿಂದ ಇಲ್ಲದ ಜಾಗಾದಾಗ ಹುಡಕಸಾಕತ್ತೀನಿ. ಆರಕ್ಕ ಗೇಟ್ ಎತ್ತತಾರ. ಹೇಳವ್ವ, ನಿನ್ನ ಕಾಲಿಗೆ ಬೀಳತೀನಿ."

"ಹೇಳಿದ್ರ ಅವ ಹೋಗತಾನ," ಅಂದಳು ಅವ್ವ, ಸೆರಗಿನ ಒಳಗಿಂದನ.

"ಯಾರು?"

"ಭೀಮೇಶ. ದೇವರು ಜಾಗಾ ಬಿಟ್ಟಾನ ಅಂತ ಯಾರೂ ಅನಬಾರದಂತ ಊರೆಲ್ಲ ದೀಪ ಮುಟ್ಟಿ ಆಣಿ ಮಾಡೇವಿ. ಯಾರು ಬಾಯಿ ಬಿಡತಾರ ಅವರ ಮನ್ಯಾಗ ಒಂದು ಜೀವಾ ಹೋಗತದ ಅಂತ. ನಿಮ್ಮಪ್ಪ ಒಮ್ಮೆ ಕುಡದಾಗ ಬಾಯಿ ಬಿಟ್ಟ, ಆರು ತಿಂಗಳಿಗೆ ಹೋದ. ನಾ ಬಿಟ್ರ ನನ್ನ ಮಗ ಹೋಗತಾನ."

"ಅವ್ವಾ, ಅವ ಈಗಾಗ್ಲೇ..." ಅಂದೆ. ಮುಂದಿನ ಮಾತು ಆಡಾಕ ಬಿಡಲಿಲ್ಲ ಆಕಿ. ತನ್ನ ಅಂಗೈ ನನ್ನ ಬಾಯಿಗೆ ಒತ್ತಿದಳು. ಆಕಿಗೂ ಗೊತ್ತದ, ನನಗ ತಿಳಿತು. ಮೂರು ದಿನದಿಂದ ಗೊತ್ತದ. ಆ ಮಾತು ಬಾಯಿಂದ ಬರೋತನಕ ಅವ ಎಲ್ಲೋ ದಂಡಿ ಮ್ಯಾಲ ಇರತಾನ, ಅಷ್ಟ.

ಎಷ್ಟೊತ್ತು ಹಂಗ ಕುಂತಿದ್ವಿ ಗೊತ್ತಿಲ್ಲ. ಆಕಿ ರೊಟ್ಟಿ ಗಂಟು ನೋಡಿದಳು, ನೀರು ನೋಡಿದಳು. ಆಮ್ಯಾಲ ಎದ್ದಳು. ಕಟ್ಟಿಯಿಂದ ಇಳದು ನೇರ ಹೊಳಿ ಕಡಿ ನಡದಳು. ನೀರು ಮೊಣಕಾಲಿಗೆ ಬಂತು, ನಡಕ್ಕ ಬಂತು. ಅತೀಕಣ್ಣ ಓಡಿ ಹೋಗಿ ಆಕಿ ರಟ್ಟಿ ಹಿಡದ. ಅಲ್ಲಿ ನಿಂತು ಆಕಿ ಕೈ ಮುಂದಕ್ಕ ಚಾಚಿ ಒದರಿದಳು. ಅಂಥ ದನಿ ಆಕಿ ಕಡಿಂದ ನಾ ಎಂದೂ ಕೇಳಿದ್ದಿಲ್ಲ.

"ಹನುಮಪ್ಪ ಇನ್ನ ಮುಂದ ಇದ್ದ! ಅಲ್ಲಿದ್ದ! ನನ್ನ ಗಂಡ ದ್ಯಾವಪ್ಪ ಹೊತಗೊಂಡು ಬಂದು ಇಲ್ಲಿ ಇಟ್ಟಾನ, ನಾ ಮುಂದ ದೀಪ ಹಿಡದೀನಿ! ಹೇಳೀನಿ ನೋಡ್ರಿ! ಬಾಯಿ ಬಿಟ್ಟು ಹೇಳೀನಿ!"

"ಏ ಮಲ್ಲಿಕಮ್ಮ, ಬಾಯಿ ಮುಚ್ಚಬೇ!" ಅಂತ ದಂಡಿ ಮ್ಯಾಲಿನ ಮುದುಕಿ ಒಬ್ಬಾಕಿ ಚೀರಿದಳು. ಗಂಡಸರು ತಲಿ ಕೆಳಗ ಹಾಕಿದ್ರು. ಹಂಗಾದ್ರ ಎಲ್ಲಾರಿಗೂ ಗೊತ್ತಿತ್ತು. ಎಷ್ಟು ಮಂದಿ ಮಾರಿ ನೋಡಿದೆ, ಎಲ್ಲಾರಿಗೂ ಗೊತ್ತಿತ್ತು. ಇವರನ್ನೆಲ್ಲ ಹರದು ತಿನ್ನಬೇಕು ಅನಿಸ್ತು. ಆದ್ರ ಆ ಗೂಟ ಹೊಡದಾಕಿ ನಾನು, ಯಂತ್ರ ಕೆಂಪಗ ತೋರಿಸಿದಾಗ ಕಣ್ಣು ಮುಚ್ಚಿದಾಕಿ ನಾನು. ಯಾರನ್ನ ಬೈಲಿ?

ಲ್ಯಾಪ್‌ಟಾಪಿನ ಬ್ಯಾಟರಿ ಒಂಬತ್ತು ಪರ್ಸೆಂಟಿಗೆ ಬಂದಿತ್ತು. ಗಡಿಬಿಡ್ಯಾಗ ಎರಡು ಸಲ ತಪ್ಪು ಒತ್ತಿದೆ. ಹನುಮಪ್ಪನ ಗೂಟ ಕಿತ್ತು ಒಗದೆ. ಸೇತುವಿ, ಟ್ಯಾಂಕಿ, ಬಂಡಿಗಲ್ಲು, ಮೂರನ್ನೂ ಬಿಗದೆ. ಅರ್ಧ ನಿಮಿಷ ಯಂತ್ರ ಲೆಕ್ಕ ಹಾಕಿತು. ಒಂದೂ ಕೆಂಪು ಬರಲಿಲ್ಲ. ನಾ ನೋಡಿಕೋತ ಇದ್ದಂಗ ನಮ್ಮ ಹಳೇ ಊರು, ಓಣಿ, ಮಾಳಗಿ ಎಲ್ಲ ದಂಡಿ ಬಿಟ್ಟು ಎಪ್ಪತ್ತು ಮೀಟರ್ ಹೊಳಿ ಒಳಗ ಸರದು ಹೋತು. ಭೀಮೇಶ ಬೆರಳು ಮಾಡಿ ತೋರಿಸಿದ್ದು ಅಲ್ಲೇ. ಇನ್ನ ಒಳಗ ಇರಬೇಕು ಅನಸತದ ಅಂದಿದ್ದು ಅಲ್ಲೇ.

ಹೊಸಾ ಚುಕ್ಕಿ ಅತೀಕಣ್ಣನ ಮೊಬೈಲಿಗೆ ಕಳಿಸಿದೆ. ನಾಕೂ ಮುಕ್ಕಾಲಿಗೆ ತೆಪ್ಪ ಅಲ್ಲಿ ನಿಂತಿತು. ಪಾತಾಳಗರಡಿ ಬಿಟ್ಟ. ಹಗ್ಗ ಇಳೀತು, ಇಳೀತು, ನಿಂತಿತು. ಅವ ಎಳದು ನೋಡಿ ನನ್ನ ಕಡಿ ತಿರುಗಿದ.

"ಕಲ್ಲದ!" ಅಂತ ಒದರಿದ. "ತಂಗೆವ್ವ, ಕಲ್ಲಿನ ಕಟ್ಟಡ ಅದ!"

ನಾ ಸಂತೋಷಪಟ್ಟೆ. ಹೇಳಾಕ ನಾಚಿಕಿ ಆಗತದ, ಆದ್ರ ಆ ಗಳಿಗ್ಯಾಗ ನನಗ ಸಂತೋಷನ ಆತು. ಎರಡು ಸಲ ಮುಣಗಿ ಎದ್ದ ಅತೀಕಣ್ಣ. ಮೂರನೇ ಸಲ ಎದ್ದಾಗ ತೆಪ್ಪದ ಅಂಚು ಹಿಡಕೊಂಡು ಅದರ ಮ್ಯಾಲ ಹಣಿ ಇಟ್ಟ. ಅವನ ಇನ್ನೊಂದು ಕೈಯಾಗ ನೀಲಿ ಬಲಿ ಇತ್ತು. ಅಣ್ಣ ಬಲಿ ನೇಯುವಾಗ ಆ ನೀಲಿ ದಾರ ನಾನ ಶಹಾಪುರದಿಂದ ತಂದು ಕೊಟ್ಟಿದ್ದೆ.

ಐದೂವರಿಗೆ ಭೀಮೇಶನ್ನ ದಂಡಿಗೆ ತಂದ್ರು. ಬಲಿ ಅವನ ಕಾಲಿಗೆ ಸುತ್ತಿಕೊಂಡಿತ್ತು, ಇನ್ನೊಂದು ಕಡಿ ಭಾಂವಿ ಕಲ್ಲಿಗೆ ಸಿಕ್ಕಿತ್ತು. ಮೊಬೈಲ್ ಕೊಳ್ಳಾಗ ಪ್ಲಾಸ್ಟಿಕ್ ಚೀಲದಾಗ ಹಂಗೇ ಇತ್ತು. ನಾ ಅದನ್ನ ಕೈಯಾಗ ಹಿಡದು ನಿಂತೆ. ಆವಾಗ ತಿಳೀತು. ನಿಂತಲ್ಲೇ ತಿಳೀತು. ಅವ ನನ್ನ ಮಾತು ಕೇಳಿದ್ದ. ಚುಕ್ಕಿ ನೋಡಿ, ಚುಕ್ಕಿಯಿಂದ ದೂರ ಹೋಗಿ, ತಂಗಿ ಹೇಳ್ಯಾಳ ಇಲ್ಲಿ ಏನೂ ಇಲ್ಲ ಅಂತ ಭರೋಸಾ ಇಟ್ಟು ಬಲಿ ಬೀಸಿದ್ದ. ಭಾಂವಿ ಬಾಯಿ ಮ್ಯಾಲನ ಬೀಸಿದ್ದ. ಮೂರು ದಿನ ನಾ ಅವನ್ನ ಬೈದೀನಿ, ಮಾತು ಕೇಳಲಿಲ್ಲ ಅಂತ ಬೈದೀನಿ.

ಆರಕ್ಕ ಸೈರನ್ ಊದಿತು, ಗೇಟ್ ಎತ್ತಿದ್ರು. ಹೊಳಿ ಸಪ್ಪಳ ಏರಿತು. ಅವ್ವ ಮಗನ ತಲಿ ತೊಡಿ ಮ್ಯಾಲ ಇಟಗೊಂಡು ರೊಟ್ಟಿ ಗಂಟು ಬಿಚ್ಚಿದ್ದಳು. ಅಳಲಿಲ್ಲ. ನನ್ನ ಮಾರಿ ನೋಡಿ ಸಣ್ಣ ದನ್ಯಾಗ ಅಂದಳು, "ನಾ ಬಾಯಿ ಬಿಟ್ನಿ, ಅದಕ್ಕ ಹೋದ. ನಾ ಹೇಳಬಾರದಿತ್ತು ರಾಧಿಕಾ."

ಊರೆಲ್ಲ ಸುತ್ತಲ ನಿಂತಿತ್ತು. ಹೌದು ಅನ್ನೋ ಹಂಗ ತಲಿ ಆಡಿಸಾಕತ್ತಿದ್ರು ಕೆಲವರು. ಸುಮ್ಮಿದ್ದಿದ್ರ ಅವ್ವ ಸಾಯೋತನಕ ಅದನ್ನ ಹೊರತಿದ್ದಳು, ನನ್ನ ಯಾರೂ ಏನೂ ಅಂತಿದ್ದಿಲ್ಲ. ನಾ ಆಕಿ ಮುಂದ ಕುಂತು ಅಣ್ಣನ ಮೊಬೈಲ್ ಆಕಿ ಕೈಯಾಗ ಇಟ್ಟೆ. ಎಲ್ಲಾರಿಗೂ ಕೇಳೋ ಹಂಗ ಹೇಳಿದೆ.

"ನೀ ಹೇಳಿದ್ದಕ್ಕ ಸಿಕ್ಕಾನವ್ವ. ನಾ ಹೇಳಿದ್ದಕ್ಕ ಹೋಗ್ಯಾನ."